ಆಘಾತ ಸುರಂಗದ ಬಲಮಾಪಕಗಳ ಮಾಪನಾಂಕ ನಿರ್ಣಯ

ಆಘಾತ ಸುರಂಗದ ಬಲಮಾಪಕಗಳ ಮಾಪನಾಂಕ ನಿರ್ಣಯವು, ಕೆಲವೇ ಮಿಲಿಸೆಕೆಂಡುಗಳ ಕಾಲ ಅನಿಲ ಹರಿಯುವ ಹೈಪರ್‌ಸಾನಿಕ್ ಪರೀಕ್ಷಾ ಸುರಂಗಗಳಲ್ಲಿ ಮಾದರಿಯ ಮೇಲೆ ಬೀಳುವ ಬಲಕ್ಕೂ ಉಪಕರಣ ನೀಡುವ ವಿದ್ಯುತ್ ಸಂಕೇತಕ್ಕೂ ಇರುವ ಸಂಬಂಧವನ್ನು ಗೊತ್ತುಪಡಿಸುವ ಕ್ರಮವಾಗಿದೆ. ಶಬ್ದದ ವೇಗದ ಐದು ಪಟ್ಟಿಗಿಂತ ಹೆಚ್ಚಿನ ವೇಗವನ್ನು ಸಾಮಾನ್ಯವಾಗಿ ಹೈಪರ್‌ಸಾನಿಕ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್‌ಎಸ್‌ಟಿ-2 ಇಂತಹ ಸುರಂಗಗಳಲ್ಲಿ ಒಂದು.

ಹಿನ್ನೆಲೆ

ಆಘಾತ ಸುರಂಗದಲ್ಲಿ ಅಧಿಕ ಒತ್ತಡದ ಹೀಲಿಯಂನಂತಹ ಅನಿಲವನ್ನು ಲೋಹದ ತೆಳು ಪೊರೆಯೊಂದು ತಡೆದಿರುತ್ತದೆ. ಪೊರೆ ಹರಿದೊಡನೆ ಆಘಾತ ತರಂಗವು ಕೊಳವೆಯಲ್ಲಿ ಧಾವಿಸಿ, ಮುಂದಿನ ಅನಿಲವನ್ನು ಒತ್ತಿ ಕಾಯಿಸುತ್ತದೆ. ಆ ಅನಿಲವೇ ನಾಸಲ್‌ನ ಮೂಲಕ ಹಿಗ್ಗಿ ಮಾದರಿಯನ್ನು ಬಡಿಯುತ್ತದೆ. ಉಪಯುಕ್ತ ಪರೀಕ್ಷಾ ಕಾಲ ಸುಮಾರು 1 ಮಿಲಿಸೆಕೆಂಡು ಮಾತ್ರ.

ಸಾಧಾರಣ ಗಾಳಿ ಸುರಂಗದ ಬಲಮಾಪಕಕ್ಕೆ ತಿಳಿದ ತೂಕಗಳನ್ನು ತೂಗುಹಾಕಿ, ಸ್ಟ್ರೈನ್ ಗೇಜ್‌ನ ಸಂಕೇತವನ್ನು ಗುರುತಿಸಿಕೊಂಡರೆ ಸಾಕಾಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲೂ ಮುಳ್ಳು ನಿಲ್ಲುವವರೆಗೆ ಕಾಯುತ್ತೇವೆ. ಇಲ್ಲಿ ಕಾಯಲು ಕಾಲವೇ ಇಲ್ಲ. ಸೆಕೆಂಡಿಗೆ 100 ಬಾರಿ ಕಂಪಿಸುವ ಬಲಮಾಪಕಕ್ಕೆ ಒಂದು ಕಂಪನ ಮುಗಿಸಲು 10 ಮಿಲಿಸೆಕೆಂಡು ಬೇಕು. ಅದರ ಹತ್ತನೆಯ ಒಂದು ಭಾಗ ಕಳೆಯುವಷ್ಟರಲ್ಲಿ ಪ್ರಯೋಗವೇ ಮುಗಿದಿರುತ್ತದೆ. ಆದುದರಿಂದ ನಿಂತ ತೂಕದಿಂದ ಪಡೆದ ಅಂಕವೊಂದನ್ನೇ ನಂಬುವಂತಿಲ್ಲ. ಉಪಕರಣವು ಕ್ಷಣಿಕ ಬಲಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನೇ ಅಳೆಯಬೇಕು.

ವೇಗೋತ್ಕರ್ಷಮಾಪಕ ವಿಧಾನ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ.ಜೆ. ರೆಡ್ಡಿ, ಜಿ. ಜಗದೀಶ್ ಮತ್ತು ಸಹೋದ್ಯೋಗಿಗಳು ಬಳಸಿದ ಬಲಮಾಪಕದಲ್ಲಿ ಮಾದರಿಯು ಮೃದುವಾದ ರಬ್ಬರ್ ಬುಷ್‌ಗಳ ಮೇಲೆ ನಿಲ್ಲುತ್ತದೆ, ಅದರೊಳಗೆ ವೇಗೋತ್ಕರ್ಷಮಾಪಕಗಳಿರುತ್ತವೆ. ನ್ಯೂಟನ್ನನ ಎರಡನೆಯ ನಿಯಮವೇ ಇದರ ಆಧಾರ. ಉದಾಹರಣೆಗೆ, 1 ಕಿಲೋಗ್ರಾಂ ಮಾದರಿಯ ಮೇಲೆ 50 ನ್ಯೂಟನ್ ಬಲ ಬಿದ್ದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 50 ಮೀಟರ್. 1 ಮಿಲಿಸೆಕೆಂಡಿನಲ್ಲಿ ಮಾದರಿ ಸರಿಯುವುದು ಕೇವಲ 0.025 ಮಿಲಿಮೀಟರ್. ಅಷ್ಟು ಅಲ್ಪ ಚಲನೆಗೆ ರಬ್ಬರಿನ ತಡೆ ನಗಣ್ಯವೆನ್ನಬಹುದು. ಸರಳವಾದರೂ ಬಹು ಚತುರವಾದ ಏರ್ಪಾಡು ಇದು.

ಮಾಪನಾಂಕ ನಿರ್ಣಯಕ್ಕೆ ತಲೆಯಲ್ಲಿ ಬಲಸಂವೇದಕವುಳ್ಳ ಸುತ್ತಿಗೆಯಿಂದ ಮಾದರಿಯನ್ನು ಮೆಲ್ಲನೆ ಬಡಿಯುತ್ತಾರೆ. ಸುತ್ತಿಗೆಯ ಬಲ ಮತ್ತು ಮಾದರಿಯ ಪ್ರತಿಕ್ರಿಯೆಗಳೆರಡನ್ನೂ ಏಕಕಾಲದಲ್ಲಿ ದಾಖಲಿಸಿ, ಅವುಗಳಿಂದ ಉಪಕರಣದ ಪ್ರತಿಕ್ರಿಯಾ ಫಲನವನ್ನು ಗಣಿಸುತ್ತಾರೆ. ಇನ್ನೊಂದು ಕ್ರಮದಲ್ಲಿ, ತೆಳು ತಂತಿಯಿಂದ ತೂಕವನ್ನು ತೂಗುಹಾಕಿ ತಂತಿಯನ್ನು ಥಟ್ಟನೆ ಕತ್ತರಿಸುತ್ತಾರೆ. ತಿಳಿದ ಬಲವೊಂದು ಒಮ್ಮೆಲೇ ಇಲ್ಲವಾಗುತ್ತದೆ. ಎಳೆತದ ಜೊತೆಗೆ ಎತ್ತುಬಲ ಮತ್ತು ತಿರುಗುಬಲಗಳನ್ನೂ ಅಳೆಯುವುದಾದರೆ ಒಂದು ದಿಕ್ಕಿನ ಹೊಡೆತ ಮತ್ತೊಂದರ ಸಂವೇದಕವನ್ನು ಎಷ್ಟು ಕದಡುತ್ತದೆ ಎಂಬುದನ್ನೂ ಗುರುತಿಸಬೇಕು.

ಪ್ರತಿಬಲ ತರಂಗ ವಿಧಾನ

1991ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸ್ಯಾಂಡರ್‌ಸನ್ ಮತ್ತು ಸಿಮನ್ಸ್ ಪ್ರಕಟಿಸಿದ ವಿಧಾನವು ಕಂಪನ ಅಡಗುವುದನ್ನು ಕಾಯುವುದೇ ಇಲ್ಲ. ಉಕ್ಕಿನಲ್ಲಿ ಪ್ರತಿಬಲ ತರಂಗವು ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಸಾಗುತ್ತದೆ. ಮಾದರಿಯ ಹಿಂದಿನ ಉದ್ದನೆಯ ಕಂಬಿಯಲ್ಲಿ ಹಾಯುವ ಈ ತರಂಗವನ್ನೇ ಸ್ಟ್ರೈನ್ ಗೇಜ್ ದಾಖಲಿಸುತ್ತದೆ. ಮೊದಲೇ ಪಡೆದ ಪ್ರತಿಕ್ರಿಯಾ ಫಲನದ ನೆರವಿನಿಂದ ಮೂಲ ಬಲವನ್ನು ಗಣಿತದ ಮೂಲಕ ಬೇರ್ಪಡಿಸಲಾಗುತ್ತದೆ.

ಮಿತಿಗಳು

ಸುತ್ತಿಗೆ ಒಂದೇ ಬಿಂದುವನ್ನು ಬಡಿಯುತ್ತದೆ; ಅನಿಲವಾದರೋ ಮೇಲ್ಮೈಯುದ್ದಕ್ಕೂ ಒತ್ತುತ್ತದೆ. ಹೀಗಾಗಿ ಹಲವು ಬಿಂದುಗಳಲ್ಲಿ ಬಡಿದು ಫಲಿತಾಂಶವನ್ನು ಹೋಲಿಸುವುದು ಲೇಸು. ಎಳೆತವನ್ನು ಲೆಕ್ಕಹಾಕಿ ತಿಳಿಯಬಹುದಾದ ಚೂಪು ಶಂಕುವೊಂದನ್ನು ಸುರಂಗದಲ್ಲಿಟ್ಟು ಪರಿಶೀಲಿಸುವುದೂ ಉಂಟು. ಅಳೆದ ಬಲವನ್ನು ಎಳೆತದ ಗುಣಾಂಕವಾಗಿಸಲು ಹರಿವಿನ ಚಲನಾತ್ಮಕ ಒತ್ತಡದಿಂದ ಭಾಗಿಸಬೇಕು. ಆ ಒತ್ತಡವನ್ನು ತಿಳಿಸುವ ಪಿಟೊ ಸಂವೇದಕದ ದೋಷವೂ ಗುಣಾಂಕಕ್ಕೆ ಸೇರುತ್ತದೆ. ಮರುಪ್ರವೇಶ ನೌಕೆ ಎಲ್ಲಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಈ ಗುಣಾಂಕವೂ ಒಂದು ಅಂಶ.