15 ಬಾರ್ ಮತ್ತು ಸ್ಟೀಲ್ ಫಿಲ್ಟರ್

ಮನೆಬಳಕೆಯ ಎಸ್ಪ್ರೆಸೊ ಯಂತ್ರದ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ ಎದ್ದು ಕಾಣುವುದು ಒಂದು ಸಂಖ್ಯೆ: 15 ಬಾರ್. ಕೆಲವದರ ಮೇಲೆ 20. ಒತ್ತಡ ಹೆಚ್ಚಿದಷ್ಟೂ ಕಾಫಿ ಚೆನ್ನಾಗಿರುತ್ತದೆ ಎಂಬ ನಂಬಿಕೆಗೆ ಈ ಸಂಖ್ಯೆಯೇ ಮೂಲ. ಆದರೆ ಎಸ್ಪ್ರೆಸೊ ಇಳಿಯಲು ಬೇಕಾದದ್ದು ಸುಮಾರು 9 ಬಾರ್ ಮಾತ್ರ. 15 ಎಂಬುದು ಒಳಗಿರುವ ಪುಟ್ಟ ಪಂಪಿನ ಗರಿಷ್ಠ ಸಾಮರ್ಥ್ಯ. ಒಳ್ಳೆಯ ಯಂತ್ರಗಳನ್ನು ತಯಾರಿಸುವವರು ಕವಾಟವೊಂದನ್ನು ಕೂರಿಸಿ ಒತ್ತಡವನ್ನು 9ರ ಆಸುಪಾಸಿಗೆ ಇಳಿಸುತ್ತಾರೆ.

ಅಷ್ಟಕ್ಕೂ ಕಾಫಿಗೆ ಒತ್ತಡ ಬಂದದ್ದು ರುಚಿಗಾಗಿ ಅಲ್ಲ, ಅವಸರಕ್ಕಾಗಿ. 1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಝೆರಾ ಅದನ್ನು ಒಂದೊಂದೇ ಲೋಟ ಇಳಿಸುವಂತೆ ರೂಪಿಸಿದ. ಕಾದು ನಿಂತ ಗಿರಾಕಿಗಳಿಗೆ ಬೇಗ ಬೇಗ ಕಾಫಿ ಕೊಡಬೇಕಿತ್ತು, ಅಷ್ಟೇ. ಆ ಕಾಲದ ಹಬೆ ಯಂತ್ರಗಳಲ್ಲಿ ಒತ್ತಡ ತೀರ ಕಡಿಮೆ. ಇಂದು ಎಸ್ಪ್ರೆಸೊದ ಗುರುತಾಗಿರುವ ಹೊಂಬಣ್ಣದ ಕ್ರೆಮಾ ಆಗ ಇರಲೇ ಇಲ್ಲ. 1940ರ ದಶಕದ ಕೊನೆಗೆ ಅಕಿಲೆ ಗಾಜಿಯಾನ ಸನ್ನೆಕೋಲಿನ ಯಂತ್ರಗಳು ಮಾರುಕಟ್ಟೆಗೆ ಬಂದ ಮೇಲೆ ಆ ನೊರೆ ಕಾಣಿಸಿಕೊಂಡಿತು.

ಆ ನೊರೆ ಎದ್ದರೆ ಕಾಫಿ ಉತ್ತಮ ಎಂಬುದು ಇನ್ನೊಂದು ನಂಬಿಕೆ. ಬೀಜ ಹುರಿಯುವಾಗ ಅದರೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಒತ್ತಡದಲ್ಲಿ ಅದು ನೀರಿಗೆ ಇಳಿದು, ಲೋಟಕ್ಕೆ ಬಿದ್ದೊಡನೆ ಕಾಫಿಯ ಎಣ್ಣೆಯಂಶದ ಜತೆ ನೊರೆಯಾಗಿ ಮೇಲೇಳುತ್ತದೆ. ಬೀಜ ಇತ್ತೀಚೆಗೆ ಹುರಿದದ್ದು ಎಂಬುದಕ್ಕೆ ಅದು ಸಾಕ್ಷಿಯಾಗಬಹುದು, ರುಚಿಗಲ್ಲ. ಅರೇಬಿಕಾಕ್ಕಿಂತ ರೊಬಸ್ಟಾ ದಪ್ಪ ನೊರೆ ಕೊಡುತ್ತದೆ. ಇಟಲಿಯ ಎಷ್ಟೋ ಎಸ್ಪ್ರೆಸೊ ಮಿಶ್ರಣಗಳಲ್ಲಿ ರೊಬಸ್ಟಾ ಇರುವುದಕ್ಕೆ ಇದೂ ಒಂದು ಕಾರಣ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು. ಕೊಡಗಿನ ತೋಟದ ಬೀಜ ಅಲ್ಲಿಯ ಲೋಟದಲ್ಲಿ ನೊರೆಯಾಗುವುದುಂಟು. ಇನ್ನು ಅಗ್ಗದ ಯಂತ್ರಗಳಲ್ಲಿ ಪುಡಿ ಹಾಕುವ ಬಟ್ಟಲಿನ ತಳದಲ್ಲಿ ಒಂದೇ ಒಂದು ಸಣ್ಣ ತೂತಿರುತ್ತದೆ. ಕಾಫಿ ಅದರಿಂದ ಚಿಮ್ಮುವಾಗ ಹಳೆಯ ಪುಡಿಯಿಂದಲೂ ನೊರೆ ಏಳುತ್ತದೆ.

ಇಟಲಿಯ ಮನೆಮನೆಯಲ್ಲೂ ಎಸ್ಪ್ರೆಸೊ ಯಂತ್ರ ಇದೆ ಎಂದುಕೊಂಡವರೂ ಉಂಟು. ಅಲ್ಲಿ ತಲೆಮಾರುಗಳಿಂದ ಒಲೆಯೇರುತ್ತಿರುವುದು ಮೋಕಾ ಪಾತ್ರೆ: 1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ ಹೊರತಂದ ಅಲ್ಯೂಮಿನಿಯಂ ಪಾತ್ರೆ. ಅದರ ಒತ್ತಡ ಒಂದೆರಡು ಬಾರ್ ಮಾತ್ರ.

ನಮ್ಮ ಫಿಲ್ಟರ್‌ನಲ್ಲಿ ಅದೂ ಇಲ್ಲ. ಹಾಗಾದರೆ ಸಾರ ಪೂರ್ತಿ ಇಳಿಯುವುದಿಲ್ಲವೇ? ಇಳಿಯುತ್ತದೆ. ಪುಡಿಯ ತೂಕದಲ್ಲಿ ನೀರಿಗೆ ಕರಗಬಲ್ಲದ್ದು ಸುಮಾರು ಶೇ. 30, ಪುಡಿಯ ತೂಕದ ಶೇ. 18ರಿಂದ 22ರಷ್ಟು ಇಳಿದರೆ ರುಚಿ ಹದವಾಗಿರುತ್ತದೆ ಎಂಬುದು ಕಾಫಿ ಬಲ್ಲವರ ಲೆಕ್ಕ. ಅದನ್ನು ನಿರ್ಧರಿಸುವುದು ನೀರಿನ ಬಿಸಿ, ಪುಡಿಯ ನುಣುಪು, ಸಮಯ, ಒತ್ತಡ ಎಲ್ಲವೂ ಸೇರಿ. ಎಸ್ಪ್ರೆಸೊ ಒತ್ತಡದ ಬಲದಿಂದ 25–30 ಸೆಕೆಂಡಿನಲ್ಲಿ ಮುಗಿಸುವ ಕೆಲಸವನ್ನು ಫಿಲ್ಟರ್ ಹತ್ತಿಪ್ಪತ್ತು ನಿಮಿಷ ನಿಧಾನವಾಗಿ ತೊಟ್ಟಿಕ್ಕುತ್ತಾ ಮಾಡುತ್ತದೆ. ಪುಡಿಯನ್ನು ತೀರ ಅದುಮಿದರೆ ಡಿಕಾಕ್ಷನ್ ಕಟ್ಟಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಸರ್ರನೆ ಇಳಿದು ತೆಳ್ಳಗಾಗುತ್ತದೆ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸಿದರೆ ಕಹಿಯಾಗುತ್ತದೆ. ಹಾಲನ್ನು ಚೆನ್ನಾಗಿ ಕಾಯಿಸಿ ಬೆರೆಸಿದರೆ ಸಾಕು.

ಕಪ್ಪಗಿದ್ದರೆ ಸ್ಟ್ರಾಂಗ್ ಎಂಬ ಮಾತೂ ಸರಿಯಲ್ಲ. 30 ಮಿಲಿಲೀಟರ್ ಎಸ್ಪ್ರೆಸೊದಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇದ್ದರೆ, ಹಾಲಿಲ್ಲದೆ ಸೋಸಿದ 240 ಮಿಲಿಲೀಟರ್ ಮಗ್ಗಿನಲ್ಲಿ ಸುಮಾರು 95. ನಮ್ಮಲ್ಲಿ ಡಿಕಾಕ್ಷನ್ ಕಪ್ಪಾಗುವುದಕ್ಕೆ ಎಷ್ಟೋ ಸಲ ಚಿಕೋರಿ ಕಾರಣ, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಬಹುದು, ಪೊಟ್ಟಣದ ಮೇಲೆ ಆ ಪ್ರಮಾಣ ಬರೆದಿರಬೇಕು. ಯಂತ್ರದ ಬೆಲೆ ವಿಚಾರಿಸುವ ಮೊದಲು ಆ ಸಾಲನ್ನು ಓದುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಣ ಹಾಕುವುದೇ ಆದರೆ ಮೊದಲು ಬೀಜಕ್ಕೆ, ಆಮೇಲೆ ಪುಡಿ ಮಾಡುವ ಸಾಧನಕ್ಕೆ. ಮಿಕ್ಸಿಯ ಬ್ಲೇಡ್ ಬೀಜವನ್ನು ಒಂದೇ ಸಮ ಪುಡಿ ಮಾಡುವುದಿಲ್ಲ: ಹಿಟ್ಟಿನಂಥ ಭಾಗದಿಂದ ಕಹಿ, ತರಿಯಿಂದ ಹುಳಿ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಒಂದೇ ಸಮ ಪುಡಿ ಮಾಡುವ ಬರ್ ಗ್ರೈಂಡರ್ ಇಲ್ಲದವರಿಗೆ ಊರಿನ ಕಾಫಿಪುಡಿ ಅಂಗಡಿಯೇ ಸುಲಭದ ದಾರಿ. ಪೀಬೆರಿಯೋ ಪ್ಲಾಂಟೇಷನ್ ‘ಎ’ಯೋ, ಚಿಕೋರಿ ಎಷ್ಟು, ಫಿಲ್ಟರ್‌ಗೋ ಮೋಕಾಗೋ ಎಂದು ಹೇಳಿ, ಎದುರಿಗೇ ಪುಡಿ ಮಾಡಿಸಿ, ವಾರಕ್ಕೆ ಬೇಕಾದಷ್ಟನ್ನೇ ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಪರಿಮಳ ಉಳಿಯುತ್ತದೆ.

ಎಸ್ಪ್ರೆಸೊ ಯಂತ್ರ ದಂಡ ಎಂದಲ್ಲ. ಎಸ್ಪ್ರೆಸೊದ ಆ ಸಾಂದ್ರತೆಯೇ ಬೇಕೆನ್ನುವವರಿಗೆ, ಹಬೆಯಿಂದ ಹಾಲನ್ನು ನುಣ್ಣನೆ ನೊರೆಯಾಗಿಸಿ ಕ್ಯಾಪುಚಿನೊ ಕುಡಿಯುವವರಿಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಅವರು ಗ್ರೈಂಡರಿಗೂ ಹಣ ತೆಗೆದಿಡಬೇಕು, ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಯಾದರೆ ಒಳಗೆ ಕಟ್ಟುವ ಸುಣ್ಣವನ್ನು ಆಗಾಗ ತೆಗೆಯುತ್ತಿರಬೇಕು. ಸ್ಟೀಲ್ ಫಿಲ್ಟರ್‌ನ ತೂತು ಕಟ್ಟಿದರೆ ಇಕ್ಕಳದಲ್ಲಿ ಹಿಡಿದು ತಳವನ್ನು ಒಲೆಯ ಉರಿಗೊಡ್ಡಿ, ಸಿಕ್ಕಿಕೊಂಡ ಪುಡಿ ಸುಟ್ಟ ಮೇಲೆ ತಣಿಸಿ ಉಜ್ಜಿ ತೊಳೆದರೆ ಮುಗಿಯಿತು.