ಬಳ್ಳಿಗಾವಿಯ ಬುದ್ಧ

ಶಾಲೆಯ ಪ್ರವಾಸದಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ನೋಡಿದವರು ಸಾಮಾನ್ಯವಾಗಿ ಅಲ್ಲಿಂದ ನೇರ ಜೋಗಕ್ಕೆ ಹೊರಡುತ್ತಾರೆ. ಒಂದು ದಿನ ಹೆಚ್ಚಿಗೆ ಸಿಕ್ಕರೆ ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಹೋಗಿ. ಅಲ್ಲಿಗೆ ಸಮೀಪದಲ್ಲೇ ಬಳ್ಳಿಗಾವಿ ಇದೆ.

ಬೌದ್ಧ ಕ್ಷೇತ್ರವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಚೀನದ ಮಂಜು ಕವಿದ ಪರ್ವತಗಳು. ಅಲ್ಲಿನ ವೂತಾಯ್ ಪರ್ವತ ಮಂಜುಶ್ರೀಗೆ, ಎಮೇ ಪರ್ವತ ಸಮಂತಭದ್ರನಿಗೆ ಮೀಸಲು. ನಮ್ಮ ಮಲೆನಾಡಿನ ಅಂಚಿನಲ್ಲೂ ಬುದ್ಧನಿಗೆ ಪೂಜೆ ನಡೆಯುತ್ತಿತ್ತು ಎಂದರೆ ನಂಬುವಿರಾ? ನಂಬಬೇಕಿಲ್ಲ, ಪುರಾವೆ ನೋಡಿ.

ಕ್ರಿ.ಶ. 1065. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲ. ದಂಡನಾಯಕ ರೂಪಭಟ್ಟಯ್ಯ ಬಳ್ಳಿಗಾವಿಯಲ್ಲಿ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ದತ್ತಿ ಬಿಟ್ಟದ್ದು ತಾರಾಭಗವತಿ, ಕೇಶವ, ಲೋಕೇಶ್ವರ ಮತ್ತು ಬುದ್ಧರ ಪೂಜೆಗೆ. ಬೌದ್ಧ ವಿಹಾರದೊಳಗೆ ಕೇಶವ! ಇಂದಿನ ಪಠ್ಯಪುಸ್ತಕದ ಗೆರೆಗಳು ಆ ಕಾಲದಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ. ಲೋಕೇಶ್ವರನೆಂದರೆ ಅವಲೋಕಿತೇಶ್ವರ, ಚೀನಕ್ಕೆ ಹೋದ ಇದೇ ಬೋಧಿಸತ್ವ ಅಲ್ಲಿ ಕ್ರಮೇಣ ಸ್ತ್ರೀರೂಪ ತಾಳಿ ಗುವಾನ್‌ಯಿನ್ ಆದ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಲೋಹದ ವಿಗ್ರಹವನ್ನು ನೀವು ಈಗಲೂ ನೋಡಬಹುದು.

ಬಳ್ಳಿಗಾವಿಯಲ್ಲಿ ಆ ಅದೃಷ್ಟ ಇಲ್ಲ. ವಿಹಾರದ ಕಟ್ಟಡ ಉಳಿದಿಲ್ಲ. ಕ್ಯಾಮೆರಾ ತಿರುಗಿಸುವ ನನ್ನಂಥವನಿಗೆ ಇದು ತೊಡಕೇ ಸರಿ: ಇಲ್ಲದ್ದನ್ನು ತೋರಿಸುವುದು ಹೇಗೆ? ತೋರಿಸಬಹುದಾದದ್ದು ಅಕ್ಷರವನ್ನು ಮಾತ್ರ. ರಾಜಾಶ್ರಯ ಸರಿದಂತೆ, ಶೈವ-ವೈಷ್ಣವ ಮಠಗಳು ಬೆಳೆದಂತೆ ಬೌದ್ಧರ ಸಂಖ್ಯೆ ಕರಗಿತು. ಆದರೆ ವಿಚಾರ ಕೂಡಲೇ ಅಳಿಯಲಿಲ್ಲ. 1162ರ ಶಾಸನವೊಂದು ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು ಬಣ್ಣಿಸುತ್ತದೆ. ಶೈವರ ಆ ಮಠದಲ್ಲಿ ನಾಲ್ಕು ವೇದ, ವ್ಯಾಕರಣ, ನ್ಯಾಯ, ಸಾಂಖ್ಯಗಳ ಜತೆಗೆ ಬೌದ್ಧ ದರ್ಶನವನ್ನೂ ಪಾಠ ಹೇಳುತ್ತಿದ್ದರು. ಹಸಿದವರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಎದುರು ಪಕ್ಷದ ತರ್ಕವನ್ನು ಕಲಿಯದೆ ವಾದ ಮಾಡುವಂತಿರಲಿಲ್ಲ ಎನ್ನುವುದು ನನ್ನ ಊಹೆ.

ಕೇದಾರೇಶ್ವರ ಇಂದಿಗೂ ನಿಂತಿದೆ, ಮೂರು ಗರ್ಭಗುಡಿಗಳೊಡನೆ. ಶಿಲ್ಪಗಳನ್ನು ನೋಡಿದ ಮೇಲೆ ಶಾಸನಕಲ್ಲುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಬೆಳಗ್ಗೆ ಅಥವಾ ಸಂಜೆ ಹೋಗುವುದು ಮೇಲು; ಓರೆ ಬಿಸಿಲಿನಲ್ಲಿ ಅಕ್ಷರದ ತಗ್ಗುಗಳಿಗೆ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಸುಣ್ಣ, ಸೀಮೆಸುಣ್ಣ ಯಾವುದನ್ನೂ ಹಚ್ಚಬೇಡಿ.