ಒಬ್ಬ ಮಹಿಳೆಯ ಮಾತು ಆಲಿಸಲ್ಪಟ್ಟಾಗ
ಎಚ್‌ಐವಿಯೊಂದಿಗೆ ಬದುಕುವ ಸಹೋದರಿಗೆ ತಂಬಾಕು ಬಿಡಲು ನಾವು ಹೇಗೆ ನೆರವಾಗಬಹುದು?

ಪವಿತ್ರ ಕುರ್‌ಆನಿನ 58ನೇ ಅಧ್ಯಾಯ ಅಲ್ ಮುಜಾದಲಃ ಒಬ್ಬ ಮಹಿಳೆಯ ಅಳಲಿನಿಂದ ಆರಂಭವಾಗುತ್ತದೆ. ಅವರು ಖೌಲಾ ಬಿಂತ್ ಸಅಲಬಾ(ರ). ಪತಿ ಅವರನ್ನು ತಾಯಿಗೆ ಹೋಲಿಸಿ ದೂರ ಮಾಡಿದ್ದರು. ತಲಾಖ್ ಕೂಡ ಅಲ್ಲ, ಸಂಸಾರವೂ ಅಲ್ಲ ಎಂಬ ಸ್ಥಿತಿ. ಅವರು ನೇರವಾಗಿ ಪ್ರವಾದಿ(ಸ)ರ ಬಳಿಗೆ ಬಂದು ತಮ್ಮ ಸಂಸಾರದ ಕಥೆಯನ್ನು ಹೇಳಿಕೊಂಡರು. ಅದೇ ಮನೆಯಲ್ಲಿದ್ದ ಆಯಿಶಾ(ರ)ರಿಗೂ ಕೆಲವು ಮಾತುಗಳು ಕೇಳಿಸಲಿಲ್ಲವಂತೆ. ಆದರೆ ಅಲ್ಲಾಹನು ಅದನ್ನು ಆಲಿಸಿದನು, ಆಕೆಗೆ ಪರಿಹಾರವನ್ನೂ ಕೊಟ್ಟನು. ಮುಂದೆ ಖಲೀಫರಾಗಿದ್ದಾಗ ಉಮರ್(ರ)ರನ್ನು ಇದೇ ಖೌಲಾ(ರ) ದಾರಿಯಲ್ಲಿ ನಿಲ್ಲಿಸಿ ಮಾತಾಡಿದರು, ಖಲೀಫರು ಅಷ್ಟು ಹೊತ್ತೂ ನಿಂತು ಕೇಳಿದರು ಎಂದು ವರದಿಗಳಲ್ಲಿದೆ.

ಜುಮಾ ಖುತ್ಬಾಗಳಲ್ಲಿ ಈ ಘಟನೆಯನ್ನು ನಾವು ಹಲವು ಬಾರಿ ಕೇಳಿದ್ದೇವೆ. ನಮ್ಮ ನಡುವೆಯೇ ಇದ್ದು, ಯಾರ ಬಳಿಯೂ ಬಾಯಿ ಬಿಡಲಾಗದ ಕೆಲವು ಸಹೋದರಿಯರ ಕುರಿತು ಈ ಬಾರಿ ಅದೇ ಬೆಳಕಿನಲ್ಲಿ ಯೋಚಿಸೋಣ.

ಎರಡು ಗುಟ್ಟುಗಳ ಭಾರ

ಕುಂದಲಹಳ್ಳಿಯ ಸುತ್ತಮುತ್ತ ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿವೆ. ಅವುಗಳ ಹಿಂದಿನ ಗಲ್ಲಿಗಳಲ್ಲಿ ಒಂದೇ ಕೋಣೆಯ ಸಾಲುಮನೆಗಳಿವೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಅಲ್ಲಿ ವಾಸಿಸುತ್ತವೆ. ಹೌಸ್‌ಕೀಪಿಂಗ್, ಮನೆಗೆಲಸ, ಕಟ್ಟಡ ಕೆಲಸ ಮಾಡುವ ಹೆಂಗಸರು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ. ಇಂಥ ಸಾಲುಮನೆಯಲ್ಲಿ ಗೋಡೆಯೊಂದೇ ಅಡ್ಡ. ಪಕ್ಕದ ಮನೆಯ ಕೆಮ್ಮು ಕೂಡ ಕೇಳಿಸುತ್ತದೆ.

ಅಲ್ಲಿ ಒಬ್ಬ ಸಹೋದರಿಗೆ ಎಚ್‌ಐವಿ ಇದೆ ಎಂದುಕೊಳ್ಳೋಣ. ಇದು ದೂರದ ಮಾತಲ್ಲ. ಭಾರತದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಹಿಳೆಯರು. ಹಲವರಿಗೆ ಅದು ಪತಿಯಿಂದಲೇ ಬಂದದ್ದು. ಮಾತ್ರೆಯ ಡಬ್ಬಿ ಯಾರಾದರೂ ಕಂಡರೆ ಬಾಡಿಗೆ ಮನೆ ಹೋದೀತು, ಕೆಲಸ ಹೋದೀತು, ಮಗಳ ಸಂಬಂಧ ಮುರಿದೀತು ಎಂಬ ಭಯದಲ್ಲೇ ಅವರ ದಿನ ಕಳೆಯುತ್ತದೆ.

ಈ ಭಯವನ್ನು ನುಂಗಲು ಕೆಲವರು ಬೀಡಿ, ಸಿಗರೇಟಿನ ಮೊರೆ ಹೋಗುತ್ತಾರೆ. ಗಂಡಸು ಸೇದಿದರೆ ಚಟ, ಹೆಂಗಸು ಸೇದಿದರೆ ನಡತೆಯ ಪ್ರಶ್ನೆ ಎನ್ನುವುದು ನಮ್ಮ ಸಮಾಜದ ರೀತಿ. ಹಾಗಾಗಿ ಅದು ಎರಡನೆಯ ಗುಟ್ಟಾಗುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವ ಮಹಿಳೆಯರು ಶೇ. 2ರಷ್ಟು. ಆದರೆ ಹೊಗೆಯಿಲ್ಲದ ತಂಬಾಕು ಬಳಸುವ ಮಹಿಳೆಯರು ಶೇ. 12.8. ಎಲೆಯಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಎಲ್ಲವೂ ಇದರಲ್ಲಿ ಸೇರಿವೆ. ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುವುದರಿಂದ ಅದನ್ನು ನಾವು ಚಟವೆಂದೇ ಎಣಿಸುವುದಿಲ್ಲ. ಬಿಡುವುದು ಕಷ್ಟವಾಗುವುದು ಎರಡರಲ್ಲೂ ಒಂದೇ ಕಾರಣಕ್ಕೆ, ಅದು ನಿಕೋಟಿನ್.

ವೈರಸ್‌ಗಿಂತ ಹೆಚ್ಚು ಕದಿಯುವ ಹೊಗೆ

‘ಹೇಗೂ ಈ ಕಾಯಿಲೆ ಬಂದಾಯಿತು, ಇನ್ನು ಬೀಡಿ ಬಿಟ್ಟು ಏನು ಪ್ರಯೋಜನ?’ ಎಂಬ ಮಾತು ಬರಬಹುದು. ಇದು ಹಳೆಯ ಕಾಲದ ಲೆಕ್ಕ. 2004ರ ಏಪ್ರಿಲ್‌ನಿಂದ ನಮ್ಮ ದೇಶದ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತವಾಗಿ ಸಿಗುತ್ತಿದೆ. ಬೆಂಗಳೂರಿನ ಬೌರಿಂಗ್ ಮತ್ತು ವಿಕ್ಟೋರಿಯಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರಗಳಿವೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಆ ಮಟ್ಟದಲ್ಲೇ ಉಳಿದರೆ ದಾಂಪತ್ಯದಿಂದ ಅದು ಸಂಗಾತಿಗೆ ಹರಡುವುದಿಲ್ಲ. ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವಷ್ಟು ಆಯುಷ್ಯವನ್ನು ಈಗ ನಿರೀಕ್ಷಿಸಬಹುದು.

ಆದರೆ ಮಾತ್ರೆ ಕೊಟ್ಟ ಆಯುಷ್ಯವನ್ನು ಹೊಗೆ ಕಿತ್ತುಕೊಳ್ಳುತ್ತದೆ. ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿರುವವರ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಂತೆ 35ರ ವಯಸ್ಸಿನ ಧೂಮಪಾನಿಯೊಬ್ಬರು ಎಚ್‌ಐವಿಯಿಂದ ಸುಮಾರು 5 ವರ್ಷದ ಆಯುಷ್ಯ ಕಳೆದುಕೊಂಡರೆ, ಧೂಮಪಾನದಿಂದ 12 ವರ್ಷಕ್ಕೂ ಹೆಚ್ಚು ಕಳೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಇನ್ನೊಂದು ಅಪಾಯವೂ ಇದೆ, ಅದು ಕ್ಷಯ. ಎಚ್‌ಐವಿ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ, ಹೊಗೆ ಅದಕ್ಕೆ ಬಾಗಿಲು ಇನ್ನಷ್ಟು ತೆರೆಯುತ್ತದೆ. ಎಚ್‌ಐವಿ ಇರುವ ಮಹಿಳೆಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧೂಮಪಾನ ಆ ಅಪಾಯವನ್ನು ಹೆಚ್ಚಿಸುತ್ತದೆ. ಹೃದಯಾಘಾತಕ್ಕೂ ಇದೇ ಮಾತು ಅನ್ವಯ. ಜಗಿಯುವ ತಂಬಾಕು ಬಾಯಿಯ ಕ್ಯಾನ್ಸರ್ ತರುತ್ತದೆ. ನಮ್ಮನ್ನು ನಾವೇ ನಮ್ಮ ಕೈಯಾರೆ ವಿನಾಶಕ್ಕೆ ತಳ್ಳಬಾರದೆಂಬ ಕುರ್‌ಆನಿನ ಎಚ್ಚರಿಕೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಹೆದರಿಸುವ ಕಥೆ, ದಾರಿ ತೋರುವ ಕಥೆ

ಸಿನಿಮಾ ಮಂದಿರದಲ್ಲಿ ಮುಕೇಶ್ ಎಂಬ ಯುವಕನ ಜಾಹೀರಾತನ್ನು ನಾವೆಲ್ಲ ನೋಡಿದ್ದೇವೆ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ತಗಲಿ 2009ರಲ್ಲಿ 24ರ ಹರೆಯದಲ್ಲೇ ತೀರಿಕೊಂಡ ಮುಕೇಶ್ ಹರಾನೆ ಅವರು. ಆಮೇಲೆ ಮಧ್ಯಪ್ರದೇಶದ ಸುನೀತಾ ತೋಮರ್ ತಮ್ಮ ಕಥೆಯನ್ನು ದೇಶಕ್ಕೆ ಹೇಳಿದರು. ಎರಡು ಮಕ್ಕಳ ತಾಯಿಯಾಗಿದ್ದ ಅವರು 2015ರ ಏಪ್ರಿಲ್ 1ರಂದು ತೀರಿಕೊಂಡರು. ಅಂಕಿಅಂಶ ಹೇಳಲಾಗದ್ದನ್ನು ಒಂದು ಮುಖ, ಒಂದು ಧ್ವನಿ ಹೇಳಿತು.

ಇಂಥ ಕಥೆಗಳು ಇನ್ನೂ ಶುರು ಮಾಡದವರನ್ನು ತಡೆಯುತ್ತವೆ. ಆದರೆ ಈಗಾಗಲೇ ಭಯದಲ್ಲೇ ಬದುಕುವ ಸಹೋದರಿಗೆ ಇನ್ನಷ್ಟು ಭಯ ಕೊಟ್ಟರೆ, ಆ ಭಯವನ್ನು ನುಂಗಲು ಆಕೆ ಮತ್ತೊಂದು ಬೀಡಿ ಹಚ್ಚಬಹುದು. ಆಕೆಗೆ ಬೇಕಾದದ್ದು ಎರಡು: ತನ್ನಂಥವಳೇ ಒಬ್ಬಳು ಬಿಟ್ಟು ಬದುಕಿದ ಕಥೆ ಕೇಳಬೇಕು, ತನ್ನ ಕಥೆಯನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು.

ಇದರ ಬಲವನ್ನು ಎಚ್‌ಐವಿ ಪೀಡಿತ ಮಹಿಳೆಯರೇ ತೋರಿಸಿಕೊಟ್ಟಿದ್ದಾರೆ. ತಮಿಳುನಾಡಿನ ಪಿ. ಕೌಸಲ್ಯಾ ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿದ ಮೊದಲಿಗರಲ್ಲಿ ಒಬ್ಬರು. ಅವರು ಮತ್ತು ಸಂಗಾತಿಗಳು 1998ರಲ್ಲಿ ಚೆನ್ನೈಯಲ್ಲಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಕಟ್ಟಿದರು. ಒಬ್ಬಳು ಮಾತಾಡಿದಾಗ ಇನ್ನೊಬ್ಬಳಿಗೆ ಧೈರ್ಯ ಬರುತ್ತದೆ. ತಂಬಾಕು ಬಿಡುವ ವಿಷಯದಲ್ಲೂ ಇದೇ ದಾರಿ ಹಿಡಿಯಬಹುದು.

ಅವಳ ಕಥೆ, ಅವಳ ಬಾಯಿಂದ

ಇಲ್ಲಿ ಯಾವ ಸಹೋದರಿಯ ನಿಜ ಕಥೆಯನ್ನೂ ನಾವು ಅಚ್ಚು ಹಾಕುತ್ತಿಲ್ಲ. ಅದು ನಮ್ಮದಲ್ಲ, ಅವಳದು. ಆದರೆ ನಂಬಿಕೆಯ ಒಬ್ಬ ಗೆಳತಿಯೋ ಆಪ್ತ ಸಮಾಲೋಚಕಿಯೋ ಎದುರಿಗಿದ್ದರೆ ಕಥೆ ಹೇಗೆ ಸಾಗಬಹುದೆಂದು ಹೇಳಬಲ್ಲೆವು.

ಮೊದಲು ಆರಂಭ: ಮೊದಲ ಬೀಡಿ ಯಾವಾಗ, ಯಾರ ಜೊತೆ? ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವಳೋ, ಕೆಲಸದ ಆಯಾಸಕ್ಕೆ ಹಿಡಿದವಳೋ, ಎಚ್‌ಐವಿ ವರದಿ ಬಂದ ದಿನ ಶುರು ಮಾಡಿದವಳೋ? ಎರಡನೆಯದು: ಅದು ನನಗೆ ಏನು ಕೊಟ್ಟಿತು? ಈ ಪ್ರಶ್ನೆಯನ್ನು ಬಿಡಬಾರದು. ಐದು ನಿಮಿಷದ ಏಕಾಂತ, ಹಸಿವೆ ಮರೆವು, ಸಿಟ್ಟಿನಿಂದ ಬಿಡುಗಡೆ. ಇವುಗಳಿಗೆ ಬದಲಿ ಸಿಗದೆ ಚಟ ಹೋಗದು. ಮೂರನೆಯದು: ಅದು ನನ್ನಿಂದ ಏನು ಕಿತ್ತುಕೊಂಡಿತು? ಉಸಿರು, ದುಡ್ಡು, ಮಗುವಿನ ಎದುರು ತಲೆಯೆತ್ತಿ ನಿಲ್ಲುವ ಧೈರ್ಯ. ನಾಲ್ಕನೆಯದು: ಹಿಂದೆ ಬಿಟ್ಟಾಗ ಎಷ್ಟು ದಿನ ನಿಂತೆ, ಮತ್ತೆ ಯಾಕೆ ಹಿಡಿದೆ? ಕೊನೆಯದು ಇನ್ನೂ ನಡೆಯದ ಅಧ್ಯಾಯ: ಯಾವ ತಾರೀಕಿನಂದು ಬಿಡುವೆ, ಅಂದು ಬೆಳಿಗ್ಗೆ ಏನು ಮಾಡುವೆ, ಯಾರಿಗೆ ಫೋನ್ ಮಾಡುವೆ?

ಹೀಗೆ ಹೇಳುತ್ತಾ ಹೋದಂತೆ ತಾನು ‘ಕೆಟ್ಟವಳು’ ಎಂಬ ತೀರ್ಪಿನ ಜಾಗದಲ್ಲಿ ಕಾರಣಗಳು ಕಾಣತೊಡಗುತ್ತವೆ. ಕಾರಣ ಕಂಡರೆ ಉಪಾಯವೂ ಕಾಣುತ್ತದೆ. ಬರೆಯಲು ಬಾರದಿದ್ದರೆ ಬಾಯಲ್ಲೇ ಹೇಳಬಹುದು. ದಖನಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ, ಮನಸ್ಸಿಗೆ ಹತ್ತಿರವಾದ ಯಾವ ಭಾಷೆಯಲ್ಲಾದರೂ ಸರಿ.

ಬಿಟ್ಟ ಮೊದಲ ವಾರ ಬಹಳ ಕಠಿಣ. ಸಿಡುಕು, ನಿದ್ದೆಗೇಡು, ತಲೆನೋವು ಬರಬಹುದು. ಕೆಲವು ವಾರಗಳಲ್ಲಿ ಇಳಿಯುತ್ತವೆ. ಆಸೆಯ ಅಲೆ ಬಂದಾಗ ಸ್ವಲ್ಪ ತಡೆಯಿರಿ, ನಿಧಾನವಾಗಿ ಉಸಿರೆಳೆದು ಬಿಡಿ, ನೀರು ಕುಡಿಯಿರಿ, ಕೈಗೆ ಬೇರೆ ಕೆಲಸ ಕೊಡಿ. ಕೆಲವೇ ನಿಮಿಷಗಳಲ್ಲಿ ಅಲೆ ಇಳಿಯುತ್ತದೆ. ರಮಝಾನ್‌ನಲ್ಲಿ ಹಗಲಿಡೀ ತಂಬಾಕಿಲ್ಲದೆ ಇದ್ದವರಿಗೆ ತಮ್ಮ ಶಕ್ತಿಯ ಪುರಾವೆ ಈಗಾಗಲೇ ಸಿಕ್ಕಿದೆ. ಉಪವಾಸದ ದಿನಗಳಲ್ಲಿ ಎಚ್‌ಐವಿ ಮಾತ್ರೆಯ ಸಮಯವನ್ನು ವೈದ್ಯರ ಬಳಿ ಕೇಳಿಯೇ ಗೊತ್ತುಮಾಡಬೇಕು. ಮತ್ತೆ ಜಾರಿದರೂ ಕಥೆ ಮುಗಿಯಲಿಲ್ಲ. ತೌಬಾದ ಬಾಗಿಲಿನಂತೆ ಈ ಬಾಗಿಲೂ ತೆರೆದೇ ಇದೆ.

ಕೇಳುವವರ ಹೊಣೆ

ಕೇಳಿಸಿಕೊಂಡ ಮಾತು ಅಮಾನತ್. ಇನ್ನೊಬ್ಬರ ಕೊರತೆಯನ್ನು ಮುಚ್ಚಿಡುವವನ ಕೊರತೆಯನ್ನು ಅಲ್ಲಾಹನು ಇಹಪರಗಳಲ್ಲಿ ಮುಚ್ಚಿಡುತ್ತಾನೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಎಚ್‌ಐವಿ ಅಂತೂ ಕೊರತೆಯಲ್ಲ, ಕಾಯಿಲೆ. ಅದನ್ನು ಮನೆ ಮನೆಗೆ ಒಯ್ಯುವುದು ಗೀಬತ್. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಯಾರ ಸ್ಥಿತಿಯನ್ನೂ ಬಹಿರಂಗಪಡಿಸಬಾರದೆನ್ನುತ್ತದೆ. ಕೆಲಸ, ಬಾಡಿಗೆ ಮನೆ, ಶಾಲೆ, ಆಸ್ಪತ್ರೆಗಳಲ್ಲಿ ತಾರತಮ್ಯವನ್ನೂ ನಿಷೇಧಿಸುತ್ತದೆ.

ಆದ್ದರಿಂದ ‘ಇದು ನಿನಗೆ ಹೇಗೆ ಬಂತು?’ ಎಂದು ಕೇಳಬೇಡಿ. ಉಪದೇಶಕ್ಕೆ ಆತುರ ಬೇಡ. ಗಂಡನಿಗೂ, ಅತ್ತೆಗೂ, ಆಲಿಮರಿಗೂ ಆಕೆಯ ಒಪ್ಪಿಗೆಯಿಲ್ಲದೆ ಹೇಳಬೇಡಿ. ಮಸೀದಿ ಕಮಿಟಿಗಳು ಮಹಿಳಾ ತರಗತಿಗಳಲ್ಲಿ ಯಾರ ಹೆಸರೂ ಎತ್ತದೆ ತಂಬಾಕಿನ ವಿಷಯ ತೆಗೆಯಬಹುದು, ಸಹಾಯವಾಣಿಗಳ ಸಂಖ್ಯೆಯನ್ನು ಫಲಕದಲ್ಲಿ ಹಾಕಬಹುದು. ತಂಬಾಕು ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಕನ್ನಡದಲ್ಲಿ ಮಾತಾಡುವ ಸಮಾಲೋಚಕರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದ್ದಾರೆ. ಎಚ್‌ಐವಿ ಕುರಿತ ಸಹಾಯವಾಣಿ 1097. ಎಆರ್‌ಟಿ ಕೇಂದ್ರದ ಸಮಾಲೋಚಕರಿಗೆ ತಂಬಾಕಿನ ವಿಷಯವನ್ನೂ ಹೇಳಲು ಆಕೆಗೆ ಧೈರ್ಯ ತುಂಬಿ. ಬೇಕಾದರೆ ಜೊತೆಗೆ ಹೋಗಿ. ನಿಕೋಟಿನ್ ಗಮ್ ಅಥವಾ ಬೇರೆ ಔಷಧ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಉಮರ್(ರ)ರಂಥ ಖಲೀಫರೇ ರಸ್ತೆಯಲ್ಲಿ ನಿಂತು ಒಬ್ಬ ಮಹಿಳೆಯ ಮಾತು ಕೇಳಿದರು. ನಮಗೆ ಅರ್ಧ ಗಂಟೆ ಸಿಗದೇ? ನಮ್ಮ ಗಲ್ಲಿಯ ಯಾವುದೋ ಮನೆಯಲ್ಲಿ ಒಬ್ಬ ಸಹೋದರಿ ಅದಕ್ಕಾಗಿ ಕಾಯುತ್ತಿರಬಹುದು. ಆಲಿಸುವ ಕಿವಿಯನ್ನೂ ಗುಟ್ಟು ಕಾಯುವ ನಾಲಿಗೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.